ಆತ್ಮಹತ್ಯೆ ಸುದ್ದಿ ಬರೆಯುವವರು ಹೆಕ್ಟ್ ಅವರನ್ನು ಓದಬೇಕು

ಮಾನ್ಯ ಸಂಪಾದಕರೇ,

ಸೆಪ್ಟೆಂಬರ್ 10 ವಿಶ್ವ ಆತ್ಮಹತ್ಯೆ ತಡೆ ದಿನ. ಅಂದು ಪತ್ರಿಕೆಗಳಲ್ಲಿ ಮನೋವೈದ್ಯರ ಲೇಖನಗಳು ಬರುತ್ತವೆ, ಬರಲೇಬೇಕು. ಈ ಸಲ ಅದರ ಪಕ್ಕದಲ್ಲಿ ಅಮೆರಿಕದ ಕವಯಿತ್ರಿ, ಇತಿಹಾಸತಜ್ಞೆ ಜೆನಿಫರ್ ಮೈಕೆಲ್ ಹೆಕ್ಟ್ ಅವರಿಗೂ ಜಾಗ ಕೊಡಿ ಎಂದು ಕೋರುತ್ತೇನೆ. ಅವರ ಕೆಲಸ ನೇರವಾಗಿ ಸುದ್ದಿಮನೆಗೇ ಸಂಬಂಧಪಟ್ಟದ್ದು.

ಹೆಕ್ಟ್ ಹುಟ್ಟಿದ್ದು 1965ರಲ್ಲಿ, ನ್ಯೂಯಾರ್ಕಿನ ಲಾಂಗ್ ಐಲೆಂಡ್‌ನಲ್ಲಿ. ಕೊಲಂಬಿಯಾ ವಿಶ್ವವಿದ್ಯಾಲಯದ ಪಿಎಚ್‌.ಡಿ. 1995ರದು. 2001ರಲ್ಲಿ ಬಂದ ಮೊದಲ ಕವನ ಸಂಕಲನ ‘ದಿ ನೆಕ್ಸ್ಟ್ ಏನ್ಷಿಯಂಟ್ ವರ್ಲ್ಡ್’ಗೆ ಪೊಯಟ್ರಿ ಸೊಸೈಟಿ ಆಫ್ ಅಮೆರಿಕದ ಚೊಚ್ಚಲ ಕೃತಿ ಬಹುಮಾನ ಸಿಕ್ಕಿತು. 2003ರಲ್ಲಿ ಎರಡು ಇತಿಹಾಸ ಗ್ರಂಥಗಳು ಒಟ್ಟಿಗೆ ಹೊರಬಂದವು. ಒಂದು ‘ಡೌಟ್’, ಜಗತ್ತಿನ ಸಂದೇಹವಾದಿಗಳ ಚರಿತ್ರೆ. ಅದರಲ್ಲಿ ನಮ್ಮ ಚಾರ್ವಾಕರೂ ಇದ್ದಾರೆ. ವಿಜಯನಗರ ಕಾಲದ ‘ಸರ್ವದರ್ಶನ ಸಂಗ್ರಹ’ದ ಮೊದಲ ಅಧ್ಯಾಯವೇ ಚಾರ್ವಾಕ ದರ್ಶನ ಎಂಬುದನ್ನು ಬಲ್ಲ ಕನ್ನಡಿಗರಿಗೆ ಈ ಪುಸ್ತಕ ಪರಕೀಯ ಅನ್ನಿಸುವುದಿಲ್ಲ.

ಇನ್ನೊಂದು ‘ದಿ ಎಂಡ್ ಆಫ್ ದಿ ಸೋಲ್’. 1876ರಲ್ಲಿ ಪ್ಯಾರಿಸ್ಸಿನ ನಾಸ್ತಿಕ ಮಾನವಶಾಸ್ತ್ರಜ್ಞರು ಕಟ್ಟಿಕೊಂಡ ಪರಸ್ಪರ ಶವಪರೀಕ್ಷೆ ಸಂಘದ ಕಥೆ ಅದರಲ್ಲಿದೆ. ಸತ್ತ ಮೇಲೆ ನನ್ನ ಮಿದುಳನ್ನು ಉಳಿದ ಸದಸ್ಯರು ಕೊಯ್ದು ನೋಡಲಿ ಎಂದು ಇವರು ಉಯಿಲು ಬರೆದಿಡುತ್ತಿದ್ದರು. ಬರೀ ಮಿದುಳು ಸಾಲದು, ಸ್ವಭಾವ, ಅಭ್ಯಾಸಗಳ ವಿವರವನ್ನೂ ಬರೆದುಕೊಡಬೇಕಿತ್ತು. ಇಲ್ಲದಿದ್ದರೆ ಯಾವ ಗುಣ ಮಿದುಳಿನ ಯಾವ ಭಾಗದ್ದೆಂದು ತಾಳೆ ನೋಡುವುದು ಹೇಗೆ? ವಿಜ್ಞಾನವಾಗಿ ಅದು ಹೆಚ್ಚು ದೂರ ಹೋಗಲಿಲ್ಲ. ಆದರೆ ಪಾದ್ರಿಯನ್ನು ಮನೆಯಿಂದಾಚೆ ಕಳಿಸಿದವರಿಗೂ ಕೊನೆಗಾಲದಲ್ಲಿ ಒಂದು ಪಾಪನಿವೇದನೆ, ಒಂದು ಕ್ರಿಯಾವಿಧಿ ಬೇಕೇ ಬೇಕಾಯಿತು ಎಂಬುದನ್ನು ಹೆಕ್ಟ್ ಗುರುತಿಸಿದರು. ಕವಿಯ ಕಿವಿ ಇಲ್ಲದ ಇತಿಹಾಸಕಾರರಿಗೆ ಇದು ಕೇಳಿಸುತ್ತಿತ್ತೋ ಇಲ್ಲವೋ.

ಕೊಲಂಬಿಯಾದಲ್ಲಿ ಜೊತೆಗೆ ಓದಿದ್ದ ಇಬ್ಬರು ಕವಯಿತ್ರಿಯರನ್ನು ಹೆಕ್ಟ್ 2007 ಮತ್ತು 2009ರಲ್ಲಿ ಆತ್ಮಹತ್ಯೆಯಿಂದ ಕಳೆದುಕೊಂಡರು. ಉಳಿದ ಬರಹಗಾರ ಗೆಳೆಯರನ್ನು ‘ಹೋಗಬೇಡಿ’ ಎಂದು ಬೇಡಿಕೊಂಡು ಅವರು 2010ರಲ್ಲಿ ಬರೆದ ಲೇಖನವನ್ನು ‘ಬಾಸ್ಟನ್ ಗ್ಲೋಬ್’ ಪತ್ರಿಕೆ ಅಚ್ಚು ಹಾಕಿತು. ಅದೇ ಬೆಳೆದು 2013ರಲ್ಲಿ ಯೇಲ್ ವಿಶ್ವವಿದ್ಯಾಲಯ ಪ್ರಕಟಿಸಿದ ‘ಸ್ಟೇ’ ಪುಸ್ತಕವಾಯಿತು.

ಅದರ ವಾದ ಹೀಗಿದೆ. ಒಂದು ಕಾಲಕ್ಕೆ ಯುರೋಪಿನಲ್ಲಿ ಆತ್ಮಹತ್ಯೆ ಮಾಡಿಕೊಂಡವರ ಹೆಣಕ್ಕೂ ಶಿಕ್ಷೆಯಿತ್ತು, ಆಸ್ತಿ ಮುಟ್ಟುಗೋಲಾಗುತ್ತಿತ್ತು. ಆ ಕ್ರೌರ್ಯವನ್ನು ಎದುರಿಸಿದ ಹದಿನೆಂಟನೆಯ ಶತಮಾನದ ತತ್ವಜ್ಞಾನಿಗಳಾದ ಹ್ಯೂಮ್, ಹೋಲ್ಬಾಖ್ ಮೊದಲಾದವರು ಸಾಯುವುದು ಅವರವರ ಹಕ್ಕು ಎಂದರು. ಕ್ರೌರ್ಯ ಹೋಯಿತು, ಸರಿ. ಆದರೆ ದೇವರನ್ನು ನಂಬದವರಿಗೆ ಬದುಕಿ ಉಳಿಯಲು ಕಾರಣ ಹೇಳುವ ಮಾತೂ ಅದರೊಂದಿಗೇ ಹೋಯಿತು. ಸ್ವತಃ ನಾಸ್ತಿಕರಾದ ಹೆಕ್ಟ್ ಎರಡು ಕಾರಣ ಮುಂದಿಡುತ್ತಾರೆ: ಒಬ್ಬರ ಸಾವು ಇನ್ನೊಬ್ಬರನ್ನು ಅದೇ ದಾರಿಗೆ ಎಳೆಯುತ್ತದೆ, ಇಂದಿನ ನೋವಿನಲ್ಲಿರುವ ನಾನು ನಾಳೆ ಬೇರೆಯವನಾಗಿರಬಲ್ಲೆ, ಆ ನಾಳೆಯವನಿಗೂ ಹಕ್ಕಿದೆ. ಸತ್ತವರನ್ನು ಅವರು ದೂರುವುದಿಲ್ಲ. ವಾಸಿಯಾಗದ ಕಾಯಿಲೆಯ ಅಂತ್ಯದಲ್ಲಿರುವವರ ಪ್ರಶ್ನೆಯನ್ನು ಬೇರೆಯಾಗಿಯೇ ಇಡುತ್ತಾರೆ.

ಮೊದಲ ಕಾರಣವೇ ಪತ್ರಿಕೆಗಳಿಗೆ ತಟ್ಟುವಂಥದ್ದು. ‘ನ್ಯೂಯಾರ್ಕ್ ಟೈಮ್ಸ್’ ಮುಖಪುಟದಲ್ಲಿ ಆತ್ಮಹತ್ಯೆಯ ಸುದ್ದಿ ಬಂದ ಬೆನ್ನಿಗೇ ಅಂಥ ಸಾವುಗಳು ಏರುತ್ತವೆ, ಪ್ರಚಾರ ಹೆಚ್ಚಿದಷ್ಟೂ ಏರಿಕೆ ಹೆಚ್ಚು ಎಂದು ಸಮಾಜಶಾಸ್ತ್ರಜ್ಞ ಡೇವಿಡ್ ಫಿಲಿಪ್ಸ್ 1974ರಲ್ಲೇ ತೋರಿಸಿದ್ದರು. ವಿಯೆನ್ನಾದಲ್ಲಿ 1987ರ ಮಧ್ಯಭಾಗದಲ್ಲಿ ಪತ್ರಿಕೆಗಳು ಸುರಂಗ ರೈಲಿನ ಸಾವುಗಳನ್ನು ರಂಜಿಸಿ ಬರೆಯುವುದನ್ನು ಬಿಟ್ಟವು. ಆರು ತಿಂಗಳಲ್ಲಿ ಅಲ್ಲಿನ ಘಟನೆಗಳು ಸುಮಾರು ಶೇ 80ರಷ್ಟು ಇಳಿದವು.

ಆತ್ಮಹತ್ಯೆಯ ಸುದ್ದಿ ಹೇಗೆ ಬರೆಯಬೇಕೆಂಬ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರಗಳನ್ನು ಭಾರತೀಯ ಪತ್ರಿಕಾ ಮಂಡಳಿ 2019ರಲ್ಲೇ ಒಪ್ಪಿಕೊಂಡಿದೆ. ಆದರೂ ಎಡವುವುದು ಎಲ್ಲಿ? ಠಾಣೆಯ ಮಾಹಿತಿ ಇದ್ದಂತೆಯೇ ಡೆಸ್ಕಿಗೆ ಬರುತ್ತದೆ. ವಿಧಾನವೂ ಸ್ಥಳವೂ ತಲೆಬರಹಕ್ಕೇ ಏರುತ್ತವೆ, ಡೆತ್ ನೋಟಿನ ಸಾಲುಗಳು ಚೌಕಟ್ಟಿನಲ್ಲಿ ಕೂರುತ್ತವೆ. ಫಲಿತಾಂಶದ ಮರುದಿನವಂತೂ ‘ಅಂಕ ಕಡಿಮೆ ಬಂದದ್ದಕ್ಕೆ’ ಎಂಬ ಒಂದೇ ಕಾರಣ. ಅಷ್ಟೇ ಅಂಕ ಪಡೆದ ಹುಡುಗ ಅದನ್ನು ಓದುತ್ತಿರುತ್ತಾನೆ. ವಿಧಾನ, ಸ್ಥಳ, ಪತ್ರ, ಫೋಟೊ ನಾಲ್ಕನ್ನೂ ಬಿಡಿ. ಸುದ್ದಿ ಒಳಪುಟದಲ್ಲಿರಲಿ. ಅಂಥ ಘಟ್ಟ ದಾಟಿ ಬದುಕಿದವರ ಬಗ್ಗೆ ಬರೆಯಿರಿ, ಅದರ ಪ್ರಭಾವವೂ ಹರಡುತ್ತದೆ.

ನಮ್ಮ ನಿಮ್ಹಾನ್ಸ್ ಮುಂಚೂಣಿಯಲ್ಲಿರುವ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತ. ಅದನ್ನು ಸೆಪ್ಟೆಂಬರಿನಲ್ಲಿ ಮಾತ್ರವಲ್ಲ, ಇಂಥ ಪ್ರತಿ ಸುದ್ದಿಯ ಕೊನೆಯ ಸಾಲಾಗಿಯೇ ಹಾಕಿ. ಬೇರೆ ಚೌಕಟ್ಟಿನಲ್ಲಿಟ್ಟರೆ ಪುಟ ಕಟ್ಟುವಾಗ ಜಾಗ ಸಾಲದೆ ಮೊದಲು ಹಾರಿಹೋಗುವುದು ಅದೇ.

– ಇತಿಹಾಸ ಅಧ್ಯಾಪಕ, ಧಾರವಾಡ