ಟವರ್ ಇಳಿಯುವ ಮುಂಚೆ ಒಂದಿಷ್ಟು ಥ್ಯಾಂಕ್ಸ್

ನಮ್ಮದು ಸೇನೆಯ ವಿಮಾನ ನಿಲ್ದಾಣದ ಕಂಟ್ರೋಲ್ ಟವರ್, ವಿಮಾನ ಯಾವಾಗ ಏರಬೇಕು, ಇಳಿಯಬೇಕು ಅಂತ ರೇಡಿಯೋದಲ್ಲಿ ಹೇಳುವ ಕಂಟ್ರೋಲರ್‌ಗಳ ಜಾಗ. ಇಲ್ಲಿನ ಹೊಸಬರೆಲ್ಲ ಪರೀಕ್ಷೆ ಪಾಸಾಗಿ ತಾವೇ ಮೈಕ್ ಹಿಡಿದಿದ್ದಾರೆ. ಡ್ಯೂಟಿ ಪಟ್ಟಿ ಮತ್ತೆ ಮನುಷ್ಯರಿಗೆ ಮಾಡಿದ ಪಟ್ಟಿಯ ಥರ ಕಾಣುತ್ತಿದೆ. ನಾನು ಈ ತಿಂಗಳು ಸಮವಸ್ತ್ರ ಕಳಚುತ್ತಿದ್ದೇನೆ. ಬೀಳ್ಕೊಡುಗೆ ದಿನವೇ ಇದನ್ನೆಲ್ಲ ಹೇಳಬಹುದಿತ್ತು, ಆದರೆ ಇಷ್ಟು ವರ್ಷ ಮೈಕ್ ಮುಂದೆ ನಾಲ್ಕೇ ಪದದಲ್ಲಿ ಮಾತು ಮುಗಿಸಿ ಅಭ್ಯಾಸ, ಭಾಷಣ ನನ್ನ ಕೈಲಾಗುವುದಿಲ್ಲ.

ಹಿಂದಿನ ಕೆಲವು ತಿಂಗಳು ನಿಜಕ್ಕೂ ಕಷ್ಟದವು. ಅನುಭವ ಇದ್ದವರು ಒಬ್ಬೊಬ್ಬರಾಗಿ ಹೊರಗಿನ ಕೆಲಸಕ್ಕೆ ಹೋದರು, ಉಳಿದವರ ಮೇಲೆ ರಾತ್ರಿ ಪಾಳಿ ಬಿತ್ತು. ಹೋದವರಿಗೆ ನಿಷ್ಠೆ ಇಲ್ಲ ಅಂತ ಯಾರೋ ಅಂದಾಗ ನನಗೆ ಸಿಟ್ಟು ಬಂದಿತ್ತು. ಮನೆ ನಡೆಸಬೇಕು ಅಲ್ವಾ? ಹಾಗೆ ಹೋದ ಒಬ್ಬರು ಇವತ್ತಿಗೂ ರಜೆ ದಿನ ಫೋನ್ ಮಾಡಿ ನಮ್ಮ ಹೊಸಬರಿಗೆ ಪಾಠ ಹೇಳಿಕೊಡುತ್ತಾರೆ. ಮೊದಲ ಥ್ಯಾಂಕ್ಸ್ ಅವರಿಗೇ.

ಮನೋಬಲ ಹೆಚ್ಚಿಸಲು ಮೇಲಿನಿಂದ ಪೋಸ್ಟರ್ ಬಂದವು, ಭಾಷಣವೂ ಆಯಿತು. ಅದರಿಂದ ಏನೂ ಆಗಲಿಲ್ಲ ಅಂತ ಸುಮ್ನೆ ಹೇಳುತ್ತಿಲ್ಲ, ನಾನು ಆ ಭಾಷಣದಲ್ಲಿ ನಿದ್ದೆ ಮಾಡಿದವರ ಪಕ್ಕದಲ್ಲೇ ಕೂತಿದ್ದೆ. ಕೆಲಸಕ್ಕೆ ಬಂದದ್ದು ನಮ್ಮ ಹಿರಿಯ ಆಫೀಸರ್ ಮೇಡಂ ಹೇಳಿದ ಒಂದು ಮಾತು: ಇಷ್ಟು ಜನ ಇದ್ದರೆ ಇಷ್ಟೇ ಹಾರಾಟ. ಅದನ್ನು ಬರೆದು ಸಹಿ ಹಾಕಿ ಮೇಲಕ್ಕೆ ಕಳಿಸಿದರು, ಬೈಗುಳವನ್ನೂ ತಾವೇ ತಿಂದರು. ಸೋವಿಯತ್ ಸೇನೆ ರಸ್ತೆ, ರೈಲು ಮುಚ್ಚಿದ್ದರಿಂದ ಬರ್ಲಿನ್‌ಗೆ ವಿಮಾನದಲ್ಲೇ ಸಾಮಾನು ಸಾಗಿಸುತ್ತಿದ್ದ ಕಾಲ. 1948ರ ಆಗಸ್ಟ್ 13ರಂದು ಆ ಊರಿನ ಮೇಲೆ ಮೋಡ, ಮಳೆಯಲ್ಲಿ ಸರಕು ವಿಮಾನಗಳು ಇಳಿಯಲಾಗದೆ ಒಂದರ ಮೇಲೊಂದು ಸುತ್ತುತ್ತಿದ್ದಾಗ, ಆ ಸಾಗಣೆಯ ಹೊಣೆ ಹೊತ್ತಿದ್ದ ಅಮೆರಿಕದ ಜನರಲ್ ವಿಲಿಯಂ ಟನ್ನರ್ ಮಾಡಿದ್ದೂ ಹೆಚ್ಚುಕಡಿಮೆ ಇದೇ. ಮೊದಲ ಸಲ ಇಳಿಯಲು ಆಗದಿದ್ದರೆ ಎರಡನೇ ಯತ್ನ ಬೇಡ, ಹೊರಟ ಕಡೆಗೇ ವಾಪಸ್ ಹೋಗಿ ಅಂದರು. ಕಂಟ್ರೋಲರ್ ತಲೆ ಮೇಲಿನ ಭಾರ ಇಳಿಯುವುದು ಇಂಥ ನಿಯಮದಿಂದ, ಬೆನ್ನು ತಟ್ಟುವುದರಿಂದ ಅಲ್ಲ. ಮೇಡಂ, ನೀವು ಇದನ್ನು ಓದುತ್ತೀರಿ ಅಂತ ಗೊತ್ತು. ತುಂಬಾ ಥ್ಯಾಂಕ್ಸ್.

ಇನ್ನು ರಾಡಾರ್ ಕತ್ತಲೆ ಕೋಣೆಯ ಗೆಳೆಯರು. ಮಂಜಿನಲ್ಲಿ ವಿಮಾನವನ್ನು ಮಾತಿನಿಂದಲೇ ಇಳಿಸುವ ಕೆಲಸ ನಿಮ್ಮದು. ಎಡಕ್ಕೆ, ಬಲಕ್ಕೆ, ಸ್ವಲ್ಪ ಮೇಲಿದ್ದೀರಿ, ಈಗ ಸರಿ, ಹೀಗೆ ಕೊನೆಯ ಹಂತದಲ್ಲಿ ಪೈಲಟ್ ಉತ್ತರವನ್ನೇ ಕೊಡುವುದಿಲ್ಲ, ಕೇಳುತ್ತಾ ಬರುತ್ತಾರೆ ಅಷ್ಟೇ, ನೀವು 5 ಸೆಕೆಂಡ್ ಸುಮ್ಮನಾದರೆ ರೇಡಿಯೋ ಹೋಯಿತು ಅಂದುಕೊಳ್ಳುತ್ತಾರೆ. ಅದರಲ್ಲೂ ಬೆಳಗಿನ ಜಾವ, ಕಣ್ಣು ಎಳೆಯುವ ಹೊತ್ತಿನಲ್ಲಿ, ನಿಮ್ಮ ದನಿ ಒಂದು ಸಲವೂ ಏರಿದ್ದು ನಾನು ಕೇಳಿಲ್ಲ. ಪಾಳಿ ಬದಲಾದ ಮೇಲೂ ಎದ್ದು ಹೋಗದೆ, ಹೊಸದಾಗಿ ಕೂತವರ ಹಿಂದೆ ಸ್ವಲ್ಪ ಹೊತ್ತು ನಿಂತು ನೋಡುತ್ತಿದ್ದಿರಲ್ಲ, ನಿಷ್ಠೆ ಅಂದರೆ ನನಗೆ ನೆನಪಾಗುವುದು ಅದೇ.

ಸೇನೆಯಲ್ಲಿ ಎಲ್ಲದಕ್ಕೂ ರ್ಯಾಂಕ್ ನೋಡುತ್ತಾರೆ. ಆದರೆ ಟವರ್‌ನಿಂದ "ಗೋ ಅರೌಂಡ್" ಅಂದರೆ, ಹೇಳಿದವರು ಎಷ್ಟೇ ಕಿರಿಯರಾಗಲಿ, ವಿಮಾನ ಇಳಿಯುವುದು ಬಿಟ್ಟು ಮೇಲೇರಬೇಕು. ಹಕ್ಕಿ ಓಡಿಸುವ ಜೀಪ್ ಇನ್ನೂ ರನ್‌ವೇ ಮೇಲಿದ್ದಾಗ ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು ಹಾಗೆ ಹೇಳಿಬಿಟ್ಟಳು. ವಿಮಾನದಲ್ಲಿದ್ದದ್ದು ದೊಡ್ಡ ಆಫೀಸರ್. ಇಳಿದ ಮೇಲೆ ಅವರು ನೇರ ಟವರ್ ಮೆಟ್ಟಿಲು ಹತ್ತಿ ಬಂದರು. ಬೈಗುಳ ಖಾತ್ರಿ ಅಂದುಕೊಂಡೆವು. "ಸರಿಯಾದ ಹೊತ್ತಿಗೆ ಹೇಳಿದಿರಿ" ಅಂದು ಕೆಳಗೆ ಹೋದರು. ಸರ್, ಆ ಒಂದು ಮಾತಿನ ಹುರುಪಿನಲ್ಲೇ ಅವಳು ಆ ಇಡೀ ವಾರ ಕೆಲಸ ಮಾಡಿದಳು. ನಿಮಗೂ ಥ್ಯಾಂಕ್ಸ್.

ರಾಡಾರ್ ರಿಪೇರಿಯವರನ್ನು ಯಾರೂ ನೆನೆಯುವುದಿಲ್ಲ, ಪರದೆ ಆರಿಹೋದಾಗ ಮಾತ್ರ ಎಲ್ಲರಿಗೂ ಅವರ ನಂಬರ್ ಬಾಯಿಪಾಠ. ನಿಮಗೆ ಜಾಸ್ತಿ ಥ್ಯಾಂಕ್ಸ್. ಹಗಲು ಮಲಗಿದ್ದಾಗ ಮನೆಯಲ್ಲಿ ಸದ್ದು ಮಾಡದೆ ಓಡಾಡಿದ ನನ್ನವರಿಗೂ.

ಅಕ್ಟೋಬರ್ 20 ಅಂತಾರಾಷ್ಟ್ರೀಯ ಏರ್ ಟ್ರಾಫಿಕ್ ಕಂಟ್ರೋಲರ್‌ಗಳ ದಿನ. ಆವತ್ತು ಒಬ್ಬೊಬ್ಬರಿಗೂ ಫೋನ್ ಮಾಡುತ್ತೇನೆ. ಡ್ಯೂಟಿಯಲ್ಲಿದ್ದರೆ ದಯವಿಟ್ಟು ಎತ್ತಬೇಡಿ.