ಕಿಮೋ ಹುಬ್ಬಳ್ಳಿಯಲ್ಲಿ, ಜ್ವರ ನಮ್ಮ ಮನೆಯಲ್ಲಿ

ಉತ್ತರ ಕನ್ನಡ ಜಿಲ್ಲಾ ಉಸ್ತುವಾರಿ ಸಚಿವರಿಗೆ,

ನಮಸ್ಕಾರ ಸರ್.

ನಮ್ಮ ಮನೆ ಕುಮಟಾ–ಶಿರಸಿ ನಡುವಿನ ಒಂದು ಹಳ್ಳಿಯಲ್ಲಿದೆ. ಹೋದ ಮಳೆಗಾಲದಲ್ಲಿ ನಮ್ಮ ಆಯಿಗೆ (ಅಮ್ಮನಿಗೆ) ಸ್ತನ ಕ್ಯಾನ್ಸರಿಗೆ ಕಿಮೋ ನಡೆಯುತ್ತಿತ್ತು. 21 ದಿನಕ್ಕೊಮ್ಮೆ ದೇವಿಮನೆ ಘಟ್ಟ ಹತ್ತಿ, ಶಿರಸಿ, ಮುಂಡಗೋಡ ದಾಟಿ ಹುಬ್ಬಳ್ಳಿಗೆ ಹೋಗಬೇಕು. ಘಟ್ಟದ ತಿರುವಿನಲ್ಲಿ ಗಟ್ಟಿ ಇದ್ದವರಿಗೇ ಹೊಟ್ಟೆ ತೊಳಸುತ್ತದೆ, ಕಿಮೋ ಹಾಕಿಸಿಕೊಂಡು ವಾಪಸು ಬರುವವರ ಪಾಡು ಕೇಳಬೇಡಿ.

ವಾಂತಿಗೆ ಮಾತ್ರೆ ಕೊಟ್ಟಿದ್ದರು. ಕೂದಲು ಉದುರಿತು, ಮತ್ತೆ ಬರುತ್ತದೆ ಅಂತ ಗೊತ್ತಿತ್ತು. ಬಾಯಿಹುಣ್ಣಿಗೆ ಉಪ್ಪು, ಅಡುಗೆ ಸೋಡಾ ಹಾಕಿದ ನೀರು ಮುಕ್ಕಳಿಸುತ್ತಿದ್ದಳು. ಅಪ್ಪೆಹುಳಿ ಇಲ್ಲದೆ ಊಟ ಮುಗಿಸದ ಆಯಿ, ಗಂಜಿಯನ್ನೂ ಆರಿಸಿ ಆರಿಸಿ ಕುಡಿದಳು. ಇದೆಲ್ಲ ಹೇಗೋ ತಡೆದುಕೊಂಡೆವು.

ಎರಡನೇ ಕಿಮೋ ಆದ ಹತ್ತನೇ ದಿನ, ರಾತ್ರಿ ಹತ್ತೂವರೆಗೆ ಜ್ವರ ಬಂತು. 101 ಡಿಗ್ರಿ. ಕಿಮೋ ಆದ 7ರಿಂದ 14 ದಿನದ ನಡುವೆ, ಸೋಂಕು ತಡೆಯುವ ಬಿಳಿ ರಕ್ತಕಣ ತೀರಾ ಕಡಿಮೆಯಾಗಬಹುದು. ಆಗ 100.4 ಮುಟ್ಟಿದರೆ ಅದು ಮಾಮೂಲಿ ಜ್ವರ ಅಲ್ಲ. ತಕ್ಷಣ ರಕ್ತ ಪರೀಕ್ಷೆ ಆಗಬೇಕು. ರಿಪೋರ್ಟಿಗೆ ಕಾಯದೆ, ಒಂದು ಗಂಟೆಯೊಳಗೆ ಆ್ಯಂಟಿಬಯೋಟಿಕ್ ಇಂಜೆಕ್ಷನ್ ಕೊಡಬೇಕು. ತಡವಾದರೆ ಜೀವಕ್ಕೇ ಅಪಾಯ.

ಹತ್ತಿರದ ಆಸ್ಪತ್ರೆಗೆ ಓಡಿದೆವು. ‘ಜ್ವರದ ಮಾತ್ರೆ ಕೊಡಿ, ಬೆಳಿಗ್ಗೆ ಲ್ಯಾಬ್ ತೆರೆದ ಮೇಲೆ ಬನ್ನಿ’ ಅಂದರು. ಕಿಮೋ ಫೈಲ್ ತೋರಿಸಿದೆ. ‘ಹಾಗಾದರೆ ಹುಬ್ಬಳ್ಳಿಗೇ ಹೋಗಿ’ ಅಂದರು. ಆ ಮಳೆಯಲ್ಲಿ ಬಾಡಿಗೆ ಕಾರು ಮಾಡಿಕೊಂಡು ಹೋದೆವು. ಹಿಂದಿನ ಸೀಟಿನಲ್ಲಿ ಆಯಿ ನಡುಗುತ್ತಿದ್ದಳು. ನನ್ನ ಕೈ ಬಿಡಲೇ ಇಲ್ಲ. ಉಳಿದಳು, ದೇವರು ದೊಡ್ಡವನು. ಆದರೆ ನಡುರಾತ್ರಿ ಕಾರು ಸಿಗದವರು, ದುಡ್ಡಿಲ್ಲದವರು ಏನು ಮಾಡಬೇಕು?

ಆಮೇಲೆ ರೇಡಿಯೇಷನ್, ವಾರಕ್ಕೆ ಐದು ದಿನ. ಹುಬ್ಬಳ್ಳಿಯ ನೆಂಟರ ಮನೆಯಲ್ಲಿ ಉಳಿದೆವು. ಕಂಕುಳ ಚರ್ಮ ಕಪ್ಪಾಗಿ ಸುಲಿಯಿತು. ಅದೂ ಜಾಸ್ತಿ ಆದದ್ದು ರೇಡಿಯೇಷನ್ ಮುಗಿಸಿ ಊರಿಗೆ ಬಂದ ಮೇಲೆ. ಔಷಧಿ ಎಲ್ಲೇ ಕೊಡಲಿ ಸರ್, ಅದರ ನೋವು ನಾವು ಅನುಭವಿಸುವುದು ಮನೆಯಲ್ಲಿ.

ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ವರ್ಷಗಳಿಂದ ಕೇಳುತ್ತಿದ್ದೇವೆ. ಅದು ಬರಲೇಬೇಕು. ಆದರೆ ಕಟ್ಟಡ ಏಳುವ ತನಕ ಜ್ವರ ಕಾಯುವುದಿಲ್ಲ ಅಲ್ವಾ? ಎಲ್ಲ ತಾಲೂಕು ಆಸ್ಪತ್ರೆಗಳಲ್ಲಿ ರಾತ್ರಿಯೂ ರಕ್ತಕಣ ಎಣಿಸುವ ವ್ಯವಸ್ಥೆ ಇರಲಿ. ಕಿಮೋ ರೋಗಿಗೆ ಜ್ವರ ಬಂದರೆ ಮೊದಲು ಏನು ಮಾಡಬೇಕು ಅಂತ ತುರ್ತು ವಿಭಾಗದ ಗೋಡೆಗೆ ಒಂದು ಹಾಳೆ ಅಂಟಿಸಿ. ಮೊದಲ ಇಂಜೆಕ್ಷನ್ ಅಲ್ಲೇ ಆಗಲಿ, ಆಮೇಲೆ ಬೇಕಾದರೆ ದೊಡ್ಡ ಆಸ್ಪತ್ರೆಗೆ ಕಳಿಸಲಿ. ಕಾರವಾರದ ಮೆಡಿಕಲ್ ಕಾಲೇಜಿನಲ್ಲಿ, ಕನ್ನಡ, ಕೊಂಕಣಿ ಬರುವ ಒಬ್ಬ ನರ್ಸ್ ರಾತ್ರಿ ಹಗಲು ಫೋನಿಗೆ ಸಿಗುವಂತೆ ಮಾಡಿ.

ನಮ್ಮ ಕೇರಿಯ ಇನ್ನೊಬ್ಬರಿಗೆ ಮುಂದಿನ ವಾರ ಮೊದಲ ಕಿಮೋ. ನಮ್ಮ ಥರ್ಮಾಮೀಟರ್ ಅವರಿಗೆ ಕೊಟ್ಟಿದ್ದೇನೆ. ರಾತ್ರಿ ಜ್ವರ ಬಂದರೆ ಎಲ್ಲಿಗೆ ಓಡಬೇಕು ಅಂತ ಕೇಳಿದರು. ಅವರಿಗೆ ಏನು ಹೇಳಲಿ, ಸರ್?

ಇಂತಿ,
ಘಟ್ಟದ ಕೆಳಗಿನ ಒಬ್ಬ ಮಗಳು