ಹಸಿರು ಟೋಪಿಯ ಅಜ್ಜಿಗೆ

ಹೋದ ವಾರ ಮಗಳ ಕ್ಲಾಸಿನ ಜೊತೆ ಆಸ್ಟ್ರೇಲಿಯಾದ ಬ್ರಿಸ್ಬೇನ್ ಹತ್ತಿರದ ಡೈಸಿ ಹಿಲ್ ಕಾಡಿಗೆ ಹೋಗಿದ್ದೆ. ಒಂದು ಗಂಟೆ ಅಲೆದರೂ ಮರದ ಮೇಲೆ ಬದುಕುವ ಪ್ರಾಣಿ ಕೊವಾಲಾ ಒಂದೇ ಒಂದೂ ಕಾಣಲಿಲ್ಲ. ಮಕ್ಕಳ ಮುಖ ಸಪ್ಪಗಾಗಿತ್ತು.

ಆಗ ಎದುರಿಗೆ ಬಂದವರು ನೀವು. "ಮೇಲೆ ಆಮೇಲೆ ನೋಡಿ, ಮೊದಲು ಕೆಳಗೆ ನೋಡಿ" ಎಂದಿರಿ. ಮರದ ಬುಡದಲ್ಲಿ ಬಿದ್ದಿದ್ದ ಹಿಕ್ಕೆ ಮುರಿದು ಮೂಸಲು ಕೊಟ್ಟಿರಿ. ನೀಲಗಿರಿ ಎಣ್ಣೆಯ ವಾಸನೆ! ಕಾಂಡದ ಮೇಲಿನ ಉಗುರಿನ ಗೀರು ತೋರಿಸಿದಿರಿ. ಕತ್ತೆತ್ತಿದರೆ ಕೊಂಬೆಯ ಕವಲಲ್ಲಿ ಬೂದು ಬಣ್ಣದ ಉಂಡೆಯೊಂದು ಮಲಗಿತ್ತು. ದಿನಕ್ಕೆ 18–20 ಗಂಟೆ ನಿದ್ದೆ ಎಂದು ಕೇಳಿ ಮಗಳಿಗೆ ಹೊಟ್ಟೆಕಿಚ್ಚು.

ನಮ್ಮ ಕೋಲಾರದ ಕಡೆ ನೀಲಗಿರಿಯನ್ನು ನೀರು ಹೀರುವ ಮರ ಎಂದು ಬೈಯುತ್ತೇವೆ. ಇಲ್ಲಿ ಕೊವಾಲಾಗೆ ಅದೇ ಊಟ, ಅದೇ ಮನೆ. ಕಾಡು ಕಡಿದದ್ದು, ಬರ, ಬೆಂಕಿ, ರೋಗ ಎಲ್ಲ ಸೇರಿ 2022ರಲ್ಲಿ ಇಲ್ಲಿನ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಕೊವಾಲಾಗಳು ಅಳಿವಿನಂಚಿನ ಪಟ್ಟಿಗೆ ಸೇರಿದವು ಎಂದು ನೀವು ಹೇಳುವಾಗ ಗಲಾಟೆ ಮಾಡುವ ಹುಡುಗರೂ ಸುಮ್ಮನಾಗಿದ್ದರು.

ಹೆಸರು ಕೇಳುವಷ್ಟರಲ್ಲಿ ನೀವು ಹೊರಟೇಬಿಟ್ಟಿರಿ. ನೀವು ಹೇಳಿದಂತೆ, ಕೊವಾಲಾಗಳ ಮೇಲೆ ಎರಗದಿರಲಿ ಎಂದು ರಾತ್ರಿ ನಮ್ಮ ನಾಯಿಯನ್ನು ಈಗ ಒಳಗೇ ಮಲಗಿಸುತ್ತೇವೆ. ಮಗಳೇ ಬಾಗಿಲು ಹಾಕುತ್ತಾಳೆ. ತುಂಬಾ ಥ್ಯಾಂಕ್ಸ್, ಅಜ್ಜಿ.